ಸರ್ಕಾರವೇ ತೆರೆದ ಅಂಗಡಿ, ಸರ್ಕಾರವೇ ಹಾಕಿದ ಬೀಗ

ಟೀವಿಯಲ್ಲಿ ಬರುವ ಪತ್ತೇದಾರಿ ಧಾರಾವಾಹಿಗಳಲ್ಲಿ ಫೊರೆನ್ಸಿಕ್ ಲ್ಯಾಬ್ ಅಂದರೆ ಹೇಗಿರುತ್ತೆ ಅಂತ ನಿಮಗೆಲ್ಲ ಗೊತ್ತಿದೆ. ನೀಲಿ ಬೆಳಕು, ಗಾಜಿನ ಗೋಡೆ, ಕಂಪ್ಯೂಟರ್ ಪರದೆ ಮೇಲೆ ಪಟಪಟ ಅಂತ ಓಡುವ ಮುಖಗಳು, ಕೊನೆಗೆ 'ಮ್ಯಾಚ್' ಅನ್ನುವ ಕೆಂಪು ಅಕ್ಷರ. ಅಷ್ಟರಲ್ಲಿ ಜಾಹೀರಾತು. ಆದರೆ ಆ ಲ್ಯಾಬಿನ ಕರೆಂಟ್ ಬಿಲ್ ಕಟ್ಟುವವರು ಯಾರು, ಒಂದು ಕೂದಲು ಪರೀಕ್ಷಿಸೋಕೆ ಎಷ್ಟು ಚಾರ್ಜು, ದುಡ್ಡು ಜಾಸ್ತಿ ಆಯ್ತು ಅಂತ ಇನ್ಸ್‌ಪೆಕ್ಟರ್ ಪಕ್ಕದ ಲ್ಯಾಬಿಗೆ ಹೋಗಬಹುದಾ... ಇದನ್ನೆಲ್ಲ ಯಾವ ಧಾರಾವಾಹಿಯೂ ತೋರಿಸೋದಿಲ್ಲ.

ತೋರಿಸದಿದ್ದರೂ ಇದು ನಿಜವಾಗಿ ನಡೆದ ಕಥೆ. ನಡೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿನ ಸರ್ಕಾರ ತನ್ನ ಅಪರಾಧ ಪ್ರಯೋಗಾಲಯಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಕಂಪನಿ ಮಾಡಿತು. ಷೇರುಗಳೆಲ್ಲ ಸರ್ಕಾರದ್ದೇ. ಆದರೆ ಮಾರುಕಟ್ಟೆಗೆ ಇಳಿದು ಖಾಸಗಿಯವರ ಜೊತೆ ಪೈಪೋಟಿ ಮಾಡಿ ಹೊಟ್ಟೆ ಹೊರೆದುಕೋ ಅಂತ ಅದಕ್ಕೆ ಹೇಳಿತು. ಕಂಪನಿಯ ಹೆಸರು ಫೊರೆನ್ಸಿಕ್ ಸೈನ್ಸ್ ಸರ್ವಿಸ್, ಚಿಕ್ಕದಾಗಿ ಎಫ್‌ಎಸ್‌ಎಸ್. 2005ರ ಡಿಸೆಂಬರ್‌ನಲ್ಲಿ ಕಂಪನಿಯಾಯಿತು, 2012ರ ಮಾರ್ಚ್ ಕೊನೆಗೆ ಬಾಗಿಲು ಹಾಕಿತು. ಆರು ವರ್ಷ, ಚಿಲ್ಲರೆ ತಿಂಗಳು. ಸಾಫ್ಟ್‌ವೇರ್ ಕೆಲಸ ಮಾಡುವ ನನ್ನಂಥವನಿಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಒಂದೇ ಕಾರಣಕ್ಕೆ. ಕ್ಲೈಂಟು, ಔಟ್‌ಸೋರ್ಸಿಂಗು, ರೇಟ್ ಕಾರ್ಡು ಅಂತ ನಾವು ದಿನಾ ಬಳಸುವ ಪದಗಳು ಒಬ್ಬ ಮನುಷ್ಯ ಜೈಲಿಗೆ ಹೋಗಬೇಕಾ ಬೇಡವಾ ಅನ್ನುವ ಜಾಗಕ್ಕೆ ಬಂದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಮೊದಲಿನಿಂದ ಶುರು ಮಾಡೋಣ.

1930ರ ದಶಕದ ಲಂಡನ್. ಮೆಟ್ರೋಪಾಲಿಟನ್ ಪೊಲೀಸ್‌ನಲ್ಲಿ ಸಿರಿಲ್ ಕತ್‌ಬರ್ಟ್ ಅನ್ನುವ ಒಬ್ಬ ಕಾನ್‌ಸ್ಟೇಬಲ್ ಇದ್ದ. ವಿಜ್ಞಾನದ ಹುಚ್ಚು. ತನ್ನದೇ ದುಡ್ಡಿನಲ್ಲಿ ಹಳೇ ಮೈಕ್ರೋಸ್ಕೋಪ್ ಒಂದನ್ನು ಕೊಂಡುಕೊಂಡು ಬಿಡುವಿನ ವೇಳೆಯಲ್ಲಿ ಸಹೋದ್ಯೋಗಿಗಳ ಕೇಸುಗಳಿಗೆ ನೆರವಾಗುತ್ತಿದ್ದ. ವಿಷಯ ಕಮಿಷನರ್ ಲಾರ್ಡ್ ಟ್ರೆಂಚರ್ಡ್ ಕಿವಿಗೆ ಬಿತ್ತು. ಆತ ಇದನ್ನು ಗಂಭೀರವಾಗಿ ತೆಗೆದುಕೊಂಡ. 1935ರ ಏಪ್ರಿಲ್‌ನಲ್ಲಿ ಹೆಂಡನ್‌ನಲ್ಲಿ ಪೊಲೀಸ್ ಪ್ರಯೋಗಾಲಯ ಆರಂಭವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಗೃಹ ಇಲಾಖೆ ನಾಟಿಂಗ್‌ಹ್ಯಾಮ್, ಬರ್ಮಿಂಗ್‌ಹ್ಯಾಮ್, ಕಾರ್ಡಿಫ್, ಬ್ರಿಸ್ಟಲ್ ಮುಂತಾದ ಕಡೆ ಪ್ರಾದೇಶಿಕ ಲ್ಯಾಬುಗಳನ್ನು ತೆರೆಯಿತು. 1960ರ ದಶಕದಲ್ಲಿ ಆಲ್ಡರ್‌ಮಾಸ್ಟನ್‌ನಲ್ಲಿ ಬರೀ ಸಂಶೋಧನೆಗೆ ಅಂತಲೇ ಒಂದು ಕೇಂದ್ರವೂ ಬಂತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆಗ ಕೇಸಿಗಿಷ್ಟು ಅಂತ ಬಿಲ್ ಇರಲಿಲ್ಲ. ಖರ್ಚನ್ನು ಸರ್ಕಾರ ಮತ್ತು ಸ್ಥಳೀಯ ಪೊಲೀಸ್ ಪಡೆಗಳು ಒಟ್ಟಾರೆಯಾಗಿ ಹಂಚಿಕೊಳ್ಳುತ್ತಿದ್ದವು. ಪೊಲೀಸರು ರಕ್ತ ಹತ್ತಿದ ಅಂಗಿ ಕಳಿಸಿದರೆ ಲ್ಯಾಬಿನವರು ನೋಡಿ ವರದಿ ಕೊಡುತ್ತಿದ್ದರು. ಇದರಲ್ಲೂ ತೊಂದರೆ ಇಲ್ಲದೆ ಇರಲಿಲ್ಲ. ಪುಕ್ಕಟೆ ಅಂದ ಮೇಲೆ ಬೇಕಾದ್ದೂ ಬೇಡದ್ದೂ ಎಲ್ಲವೂ ಬಂದು ಬೀಳುತ್ತೆ. ರಾಶಿ ಬೆಳೆಯುತ್ತೆ. ವರದಿ ತಿಂಗಳುಗಟ್ಟಲೆ ತಡ. ಸರ್ಕಾರಿ ಕಚೇರಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ ಬಿಡಿ.

ಅಷ್ಟರಲ್ಲಿ ಡಿಎನ್‌ಎ ಬಂತು. 1984ರ ಸೆಪ್ಟೆಂಬರ್ 10, ಸೋಮವಾರ ಬೆಳಗ್ಗೆ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ ಡಾರ್ಕ್‌ರೂಮಿನಲ್ಲಿ ಒಂದು ಎಕ್ಸ್‌ರೇ ಫಿಲಂ ತೊಳೆದು ನೋಡಿದಾಗ ಮನುಷ್ಯರಿಂದ ಮನುಷ್ಯರಿಗೆ ಬೇರೆಯಾಗುವ ಪಟ್ಟಿಗಳ ವಿನ್ಯಾಸ ಕಂಡಿತು. ಮರುವರ್ಷವೇ ಹಳೇ ರಕ್ತದ ಕಲೆಯಿಂದಲೂ ಇದು ಸಾಧ್ಯ ಅಂತ ತೋರಿಸಿದ ಲೇಖನ ನೇಚರ್ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಜೆಫ್ರೀಸ್ ಜೊತೆಗಿದ್ದ ಇಬ್ಬರು, ಪೀಟರ್ ಗಿಲ್ ಮತ್ತು ಡೇವಿಡ್ ವೆರೆಟ್, ಗೃಹ ಇಲಾಖೆಯ ಲ್ಯಾಬಿನವರು. ಅಂದರೆ ವಿಶ್ವವಿದ್ಯಾಲಯದ ಕೌತುಕ ಕೋರ್ಟಿನ ಸಾಕ್ಷಿಯಾಗಿ ಬದಲಾದದ್ದು ಸರ್ಕಾರಿ ವಿಜ್ಞಾನಿಗಳ ಕೈಯಲ್ಲಿ. 'ಇದಕ್ಕೆ ಯಾವ ಪ್ರಾಜೆಕ್ಟ್ ಕೋಡ್‌ನಿಂದ ಗಂಟೆ ಹಾಕಲಿ' ಅಂತ ಕೇಳುವ ಕಾಲ ಆಗಿನ್ನೂ ಬಂದಿರಲಿಲ್ಲ!

ಆ ತಂತ್ರದ ಮೊದಲ ದೊಡ್ಡ ಪರೀಕ್ಷೆ ಲೆಸ್ಟರ್ ಪಕ್ಕದಲ್ಲೇ ನಡೆಯಿತು. 1983ರಲ್ಲಿ ಮತ್ತು 1986ರಲ್ಲಿ ಅಕ್ಕಪಕ್ಕದ ಎರಡು ಹಳ್ಳಿಗಳಲ್ಲಿ ಇಬ್ಬರು ಹುಡುಗಿಯರ ಅತ್ಯಾಚಾರ ಮತ್ತು ಕೊಲೆ. ಹದಿನೇಳು ವರ್ಷದ ಹುಡುಗನೊಬ್ಬ ಎರಡನೇ ಕೊಲೆಯನ್ನು ಒಪ್ಪಿಕೊಂಡೂ ಬಿಟ್ಟ. ಮೊದಲನೆಯದೂ ಇವನದೇ ಅಂತ ಸಾಬೀತು ಮಾಡಿಕೊಡಿ ಅಂತ ಪೊಲೀಸರು ಜೆಫ್ರೀಸ್ ಹತ್ತಿರ ಹೋದರು. ಬಂದ ಫಲಿತಾಂಶ ಏನು ಗೊತ್ತಾ? ಎರಡೂ ಕೊಲೆ ಮಾಡಿದವನು ಒಬ್ಬನೇ, ಆದರೆ ಅವನು ಈ ಹುಡುಗ ಅಲ್ಲ. ಆಮೇಲೆ ಸುತ್ತಮುತ್ತಲಿನ ಸುಮಾರು 5,000 ಗಂಡಸರ ಮಾದರಿ ತೆಗೆದರು. ಕಾಲಿನ್ ಪಿಚ್‌ಫೋರ್ಕ್ ಎಂಬಾತ ತನ್ನ ಬದಲಿಗೆ ಜೊತೆ ಕೆಲಸಗಾರನನ್ನು ಕಳಿಸಿ ರಕ್ತ ಕೊಡಿಸಿದ್ದ. ಆ ಮಾತು ಪಬ್ಬಿನಲ್ಲಿ ಯಾರದೋ ಕಿವಿಗೆ ಬಿದ್ದು 1987ರಲ್ಲಿ ಸಿಕ್ಕಿಬಿದ್ದ. 1988ರ ಜನವರಿಯಲ್ಲಿ ಜೀವಾವಧಿ ಶಿಕ್ಷೆ. ಒಂದು ಮಾತು ನೆನಪಿಡಿ. ಡಿಎನ್‌ಎ ಈ ಕೇಸಿನಲ್ಲಿ ಮೊದಲು ಮಾಡಿದ ಕೆಲಸ ತಪ್ಪಿತಸ್ಥನನ್ನು ಹಿಡಿದದ್ದಲ್ಲ, ನಿರಪರಾಧಿಯನ್ನು ಬಿಡಿಸಿದ್ದು. ಕೊನೆಯಲ್ಲಿ ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಈಗ ದುಡ್ಡಿನ ವಿಷಯ. ಥ್ಯಾಚರ್ ಕಾಲ ಅದು. ಸರ್ಕಾರ ಮಾಡುವ ಪ್ರತಿ ಕೆಲಸವನ್ನೂ ಲೆಕ್ಕದ ಪುಸ್ತಕಕ್ಕೆ ತರಬೇಕು ಅನ್ನುವ ಹುರುಪು. ಟಷ್ ರಾಸ್ ಎಂಬ ಸಲಹಾ ಸಂಸ್ಥೆ 1987ರಲ್ಲಿ ಪೊಲೀಸರಿಗೆ ಸಿಗುವ ವೈಜ್ಞಾನಿಕ ನೆರವಿನ ಬಗ್ಗೆ ವರದಿ ಕೊಟ್ಟಿತು. ಪುಕ್ಕಟೆ ಕೊಡುವುದು ಬಿಟ್ಟು ಕೆಲಸಕ್ಕೆ ತಕ್ಕ ಹಣ ತೆಗೆದುಕೊಳ್ಳಿ ಅನ್ನುವುದು ಅದರ ಸಾರ. 1991ರಲ್ಲಿ ಗೃಹ ಇಲಾಖೆಯ ಲ್ಯಾಬುಗಳು ಎಫ್‌ಎಸ್‌ಎಸ್ ಎಂಬ ಹೆಸರಿನ 'ಏಜೆನ್ಸಿ' ಆದವು. ಪೊಲೀಸರಿಗೆ ಬಿಲ್ ಹೋಗತೊಡಗಿತು. 1996ರಲ್ಲಿ ಲಂಡನ್ ಪೊಲೀಸರ ಲ್ಯಾಬೂ ಇದರಲ್ಲೇ ವಿಲೀನವಾಯಿತು. 1999ರಲ್ಲಿ 'ಟ್ರೇಡಿಂಗ್ ಫಂಡ್', ಅಂದರೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವ ಸರ್ಕಾರಿ ಘಟಕ.

ಮೇಲ್ನೋಟಕ್ಕೆ ಸಣ್ಣ ಬದಲಾವಣೆ. ಒಳಗೆ ಮಾತ್ರ ಎಲ್ಲವೂ ಬದಲಾಯಿತು. ಮೊದಲು ತನಿಖಾಧಿಕಾರಿ 'ಇದರಲ್ಲಿ ಏನಾದರೂ ಸಿಗಬಹುದಾ?' ಅಂತ ಕೇಳುತ್ತಿದ್ದ. ಈಗ 'ಹತ್ತು ವಸ್ತು ಇವೆ, ಬಜೆಟ್ಟಿನಲ್ಲಿ ನಾಲ್ಕಕ್ಕೆ ಆಗುತ್ತೆ, ಯಾವ ನಾಲ್ಕು?' ಅಂತ ಕೇಳಬೇಕಾಯಿತು. ಇದು ಪೂರ್ತಿ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಯೋಚನೆ ಮಾಡಿ ಕಳಿಸುವ ಶಿಸ್ತು ಬಂತು, ರಾಶಿ ಕರಗುವ ದಾರಿ ಆಯಿತು. ಆದರೆ ಸಾಕ್ಷಿಗೆ ಬೆಲೆಪಟ್ಟಿ ಅಂಟಿದ್ದು ಆಗಲೇ.

ಆ ಕಾಲದಲ್ಲೇ ಎಫ್‌ಎಸ್‌ಎಸ್ ಕೀರ್ತಿಯ ತುದಿಯಲ್ಲಿತ್ತು ಅನ್ನೋದನ್ನೂ ಹೇಳಬೇಕು. ರಷ್ಯಾದ ಯೆಕಟೆರಿನ್‌ಬರ್ಗ್ ಬಳಿ 1991ರಲ್ಲಿ ಹೊರತೆಗೆದ ಮೂಳೆಗಳು ಕೊನೆಯ ಝಾರ್ ನಿಕೊಲಸ್ ಕುಟುಂಬದವು ಅಂತ ಡಿಎನ್‌ಎ ಮೂಲಕ ಗುರುತಿಸಿದ್ದು ಆಲ್ಡರ್‌ಮಾಸ್ಟನ್‌ನಲ್ಲಿ, ಅದೇ ಪೀಟರ್ ಗಿಲ್ ತಂಡ ಮತ್ತು ರಷ್ಯಾದ ಪಾವೆಲ್ ಇವಾನೋವ್. ಝಾರಿನ ಹೆಂಡತಿಯ ಕಡೆಯ ಸಂಬಂಧಿಯಾದ ಬ್ರಿಟನ್ನಿನ ಪ್ರಿನ್ಸ್ ಫಿಲಿಪ್ ಇದಕ್ಕೆ ರಕ್ತ ಕೊಟ್ಟಿದ್ದರು. 1995ರ ಏಪ್ರಿಲ್‌ನಲ್ಲಿ ಪ್ರಪಂಚದ ಮೊದಲ ರಾಷ್ಟ್ರೀಯ ಡಿಎನ್‌ಎ ಡೇಟಾಬೇಸ್ ಶುರುವಾದದ್ದು ಇವರ ಕೈಯಲ್ಲೇ. ಮೊದಲಿಗೆ ಡಿಎನ್‌ಎಯ ಆರು ಜಾಗ ನೋಡುವ ಕಿಟ್, 1999ರಿಂದ ಹತ್ತು ಜಾಗ ನೋಡುವ ಕಿಟ್. ಅಪರಾಧಿಯ ಡಿಎನ್‌ಎ ಡೇಟಾಬೇಸ್‌ನಲ್ಲಿ ಇಲ್ಲದಿದ್ದರೂ ಅವನ ಅಣ್ಣತಮ್ಮನದು ಇದ್ದರೆ ಆ ಎಳೆ ಹಿಡಿದು ಹುಡುಕುವ ವಿಧಾನವನ್ನೂ ಇವರೇ ಬೆಳೆಸಿದರು. ಮೇಲ್ಸೇತುವೆಯಿಂದ ಇಟ್ಟಿಗೆ ಎಸೆದು ಲಾರಿ ಚಾಲಕನೊಬ್ಬನ ಸಾವಿಗೆ ಕಾರಣನಾದವನು ಹೀಗೆ ಸಿಕ್ಕಿ 2004ರಲ್ಲಿ ಶಿಕ್ಷೆಗೊಳಗಾದ.

ಇನ್ನೊಂದು ಕಡೆ ಪೈಪೋಟಿಗಾರರು ಬಂದರು. ಐಸಿಐ ರಾಸಾಯನಿಕ ಕಂಪನಿ 1987ರಲ್ಲೇ ಸೆಲ್‌ಮಾರ್ಕ್ ಎಂಬ ಡಿಎನ್‌ಎ ಸಂಸ್ಥೆ ಹುಟ್ಟುಹಾಕಿತ್ತು. ಎಲ್‌ಜಿಸಿ ಇನ್ನೊಂದು. ಅಂದ ಹಾಗೆ ಇದರ ಕಥೆಯೇ ಮಜಾ. 1842ರಲ್ಲಿ ತಂಬಾಕಿನ ಕಲಬೆರಕೆ ಹಿಡಿಯೋಕೆ ಅಂತ ಶುರುವಾದ ಸರ್ಕಾರಿ ಲ್ಯಾಬ್ ಅದು, 1996ರಲ್ಲಿ ಖಾಸಗಿಯಾಯಿತು. ಮೂರನೆಯದು ಫೊರೆನ್ಸಿಕ್ ಅಲಯನ್ಸ್. ಕಟ್ಟಿದವರು ಆಂಜೆಲಾ ಗ್ಯಾಲಪ್, ಅವರೂ ಹಿಂದೆ ಸರ್ಕಾರಿ ಲ್ಯಾಬಿನಲ್ಲೇ ಇದ್ದವರು. 2005ರಲ್ಲಿ ಎಲ್‌ಜಿಸಿ ಇದನ್ನು ಕೊಂಡುಕೊಂಡಿತು.

'ಖಾಸಗಿ ಅಂದರೆ ಕಳಪೆ, ಸರ್ಕಾರಿ ಅಂದರೆ ನ್ಯಾಯ' ಅಂತ ಸುಲಭವಾಗಿ ಬರೆದು ಮುಗಿಸಬಹುದಿತ್ತು. ಆದರೆ ಇತಿಹಾಸ ಹಾಗಿಲ್ಲ. 2000ದ ನವೆಂಬರ್‌ನಲ್ಲಿ ಲಂಡನ್ನಿನ ಪೆಕ್‌ಹ್ಯಾಮ್‌ನಲ್ಲಿ ಡಮಿಲೋಲಾ ಟೇಲರ್ ಎಂಬ ಹತ್ತು ವರ್ಷದ ಹುಡುಗ ಇರಿತಕ್ಕೊಳಗಾಗಿ ಸತ್ತ. ಎಫ್‌ಎಸ್‌ಎಸ್ ಪರೀಕ್ಷಿಸಿ ಏನೂ ಇಲ್ಲ ಅಂದಿದ್ದ ಶೂ ಮೇಲೆ ಫೊರೆನ್ಸಿಕ್ ಅಲಯನ್ಸ್‌ನವರಿಗೆ ಆ ಹುಡುಗನ ರಕ್ತದ ಕಲೆ ಸಿಕ್ಕಿತು. 2006ರಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು. 1993ರಲ್ಲಿ ಜನಾಂಗದ್ವೇಷಕ್ಕೆ ಬಲಿಯಾದ ಸ್ಟೀಫನ್ ಲಾರೆನ್ಸ್ ಕೇಸಿನಲ್ಲೂ ಅಷ್ಟೇ. ಆರೋಪಿಯ ಜಾಕೆಟ್ಟಿನ ಕಾಲರ್ ಮೇಲಿನ ಅರ್ಧ ಮಿಲಿಮೀಟರಿನಷ್ಟು ರಕ್ತದ ಚುಕ್ಕೆಯನ್ನು ವರ್ಷಗಳ ನಂತರ ಹುಡುಕಿದ್ದು ಎಲ್‌ಜಿಸಿ. 2012ರ ಜನವರಿಯಲ್ಲಿ ಇಬ್ಬರು ಜೈಲಿಗೆ ಹೋದರು. ಎರಡನೇ ಜೊತೆ ಕಣ್ಣು ಬೇಕು ಅನ್ನುವ ಮಾತಿಗೆ ಇದಕ್ಕಿಂತ ಪುರಾವೆ ಬೇಕಿಲ್ಲ. ಪೈಪೋಟಿ ಬಂದದ್ದರಿಂದ ಒಳ್ಳೆಯದೇನೂ ಆಗಲಿಲ್ಲ ಅಂದರೆ ಅದು ಸುಳ್ಳು.

ಹೀಗಿರುವಾಗ 2003ರಲ್ಲಿ ರಾಬರ್ಟ್ ಮ್ಯಾಕ್‌ಫಾರ್ಲೆಂಡ್ ಎಂಬುವವರ ವರದಿ ಬಂತು. ಎಫ್‌ಎಸ್‌ಎಸ್ ಅನ್ನು ಮೊದಲು ಸರ್ಕಾರಿ ಒಡೆತನದ ಕಂಪನಿ ಮಾಡಿ, ಆಮೇಲೆ ಖಾಸಗಿ ಪಾಲುದಾರರನ್ನು ತನ್ನಿ ಅಂತ ಸಲಹೆ. 2005ರ ಮಾರ್ಚ್‌ನಲ್ಲಿ ಸಂಸತ್ತಿನ ವಿಜ್ಞಾನ ಸಮಿತಿ ಇದರ ಬಗ್ಗೆ ದೀರ್ಘ ವರದಿ ಬರೆಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಎಫ್‌ಎಸ್‌ಎಸ್ ಲಿಮಿಟೆಡ್ ಆಯಿತು. ಅಲ್ಲಿನವರು ಇದಕ್ಕೆ ಇಟ್ಟ ಅಡ್ಡಹೆಸರು 'ಗವ್‌ಕೋ'. ಗವರ್ನಮೆಂಟಿನ ಗವ್, ಕಂಪನಿಯ ಕೋ. ಡಿಎನ್‌ಎ ಡೇಟಾಬೇಸ್‌ನ ಉಸ್ತುವಾರಿಯನ್ನು ಮಾತ್ರ ಕಂಪನಿಯಿಂದ ಬೇರ್ಪಡಿಸಿದರು. ಆಟಗಾರನೇ ಅಂಪೈರ್ ಆಗೋದು ಸರಿಯಲ್ಲವಲ್ಲ.

ಈಗ ಈ ಕಂಪನಿಯ ಪರಿಸ್ಥಿತಿಯನ್ನು ಒಂದು ಹಾಳೆ ಮೇಲೆ ಬರೆದು ನೋಡಿ.

ಮಾಲೀಕ ಯಾರು? ಗೃಹ ಇಲಾಖೆ. ಗಿರಾಕಿ ಯಾರು? ಇಂಗ್ಲೆಂಡ್ ಮತ್ತು ವೇಲ್ಸ್‌ನ 43 ಪೊಲೀಸ್ ಪಡೆಗಳು. ಗಿರಾಕಿಯ ಜೇಬಿಗೆ ಬಹುಪಾಲು ದುಡ್ಡು ಹಾಕುವವರು ಯಾರು? ಅದೇ ಗೃಹ ಇಲಾಖೆ. ಗಿರಾಕಿಗೆ 'ಖರ್ಚು ಕಡಿಮೆ ಮಾಡು' ಅಂತ ಹೇಳುವವರು ಯಾರು? ಮತ್ತೆ ಗೃಹ ಇಲಾಖೆ. ಅಂದರೆ ಒಂದು ಕೈ ಕಂಪನಿಗೆ 'ಲಾಭ ಮಾಡು' ಅನ್ನುತ್ತೆ, ಇನ್ನೊಂದು ಕೈ ಆ ಕಂಪನಿಯ ಗಿರಾಕಿಗೆ 'ಅವರಿಗೆ ಕಮ್ಮಿ ಕೊಡು' ಅನ್ನುತ್ತೆ. ಒಂದೇ ಮನೆಯ ಯಜಮಾನ ಮಗನಿಗೆ ಅಂಗಡಿ ಹಾಕಿಕೊಟ್ಟು, ಉಳಿದ ಮಕ್ಕಳಿಗೆ 'ಎಲ್ಲಿ ಅಗ್ಗವೋ ಅಲ್ಲಿ ತಗೊಳ್ರಪ್ಪಾ' ಅಂತ ಚೀಟಿ ಬರೆದು ಕೊಟ್ಟ ಹಾಗೆ.

ಅಗ್ಗ ಎಲ್ಲಿತ್ತು? ಫೊರೆನ್ಸಿಕ್ ಕೆಲಸದಲ್ಲಿ ಎರಡು ಬಗೆ ಇದೆ. ಒಂದು, ಬಂಧಿತರ ಬಾಯಿಂದ ತೆಗೆದ ಹತ್ತಿಯ ತುಂಡಿನಿಂದ ಡಿಎನ್‌ಎ ಮಾಡಿ ಡೇಟಾಬೇಸ್‌ಗೆ ಸೇರಿಸೋದು. ಸಾವಿರಾರು ಮಾದರಿ, ಒಂದೇ ರೀತಿ, ಯಂತ್ರಕ್ಕೆ ಹಾಕಿದರೆ ಆಯಿತು. 2000ದಿಂದ ಕೆಲವು ವರ್ಷ ಸರ್ಕಾರ ಡಿಎನ್‌ಎ ವಿಸ್ತರಣೆಗೆ ಅಂತ ವಿಶೇಷ ಅನುದಾನ ಸುರಿದದ್ದರಿಂದ ಇಂಥ ಕೆಲಸ ಹೇರಳವಾಗಿತ್ತು. ಇನ್ನೊಂದು ಬಗೆ, ಕ್ಲಿಷ್ಟ ಕೊಲೆ ಕೇಸುಗಳು. ಬಟ್ಟೆಯ ನಾರು, ರಕ್ತ ಚಿಮ್ಮಿದ ರೀತಿ, ಗಾಜಿನ ಚೂರು, ಗುಂಡಿನ ಪುಡಿ. ಇದಕ್ಕೆ ಹತ್ತಿಪ್ಪತ್ತು ವರ್ಷ ಪಳಗಿದ ಕಣ್ಣು ಬೇಕು. ಮೊದಲನೆಯದರಲ್ಲಿ ಲಾಭ ಮಾಡಿ ಎರಡನೆಯದನ್ನು ಸಾಕುವುದು ದೊಡ್ಡ ಸಂಸ್ಥೆಗಳ ಹಳೇ ರೂಢಿ. ಮಾರುಕಟ್ಟೆ ತೆರೆದ ಮೇಲೆ ಆ ಲೆಕ್ಕ ನಡೆಯೋದಿಲ್ಲ. ಹೊಸಬರು ಕೆನೆ ಇರುವ ಕಡೆ ಮೊದಲು ಕೈ ಹಾಕುತ್ತಾರೆ. ಟೆಂಡರ್‌ನಲ್ಲಿ ಕೆಲಸವನ್ನು ಚೂರುಚೂರು ಮಾಡಿ ಪ್ರತಿ ಚೂರಿಗೂ ಬೆಲೆ ಕಟ್ಟಿದಾಗ, ಇಡೀ ಕೇಸನ್ನು ಒಟ್ಟಿಗೆ ನೋಡಿ ಯೋಚಿಸುವ ಕೆಲಸಕ್ಕೆ ಯಾವ ಕಾಲಮ್ಮಿನಲ್ಲೂ ರೇಟ್ ಇರೋದಿಲ್ಲ. ರಕ್ತ ಒಂದು ಲ್ಯಾಬಿಗೆ, ನಾರು ಇನ್ನೊಂದು ಲ್ಯಾಬಿಗೆ, ಬೆರಳಚ್ಚು ಪೊಲೀಸರ ಹತ್ತಿರವೇ. ಪೂರ್ತಿ ಆನೆಯನ್ನು ನೋಡುವವರು ಯಾರು?

ಇಷ್ಟಾದರೂ ಕಂಪನಿ ಬದುಕುತ್ತಿತ್ತೇನೋ. ಅದಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು ಖಾಸಗಿ ಲ್ಯಾಬುಗಳಿಗಿಂತ ಹೆಚ್ಚಾಗಿ ಗಿರಾಕಿಗಳೇ. ಬಿಲ್ ನೋಡಿ ನೋಡಿ ಸಾಕಾದ ಪೊಲೀಸ್ ಪಡೆಗಳು 'ಇದನ್ನು ನಾವೇ ಮಾಡಿಕೊಂಡರೆ ಹೇಗೆ?' ಅಂತ ಶುರು ಮಾಡಿದವು. ಬಟ್ಟೆ ಮೇಲೆ ರಕ್ತದ ಕಲೆ ಹುಡುಕೋದು, ಮಾದಕ ವಸ್ತುವಿನ ಪ್ರಾಥಮಿಕ ಪರೀಕ್ಷೆ, ಶೂ ಗುರುತು ಹೋಲಿಸೋದು... ಒಂದೊಂದಾಗಿ ಠಾಣೆಯ ಒಳಗೇ ಬಂದವು. ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ. ಕ್ಲೈಂಟ್ ತನ್ನದೇ ಟೀಮ್ ಕಟ್ಟಿಕೊಂಡ ದಿನ ನಮ್ಮ ಪ್ರಾಜೆಕ್ಟಿನ ಆಯಸ್ಸು ಮುಗಿಯಿತು ಅಂತಲೇ ಅರ್ಥ. ಆದರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಹೊರಗಿನ ಲ್ಯಾಬುಗಳಿಗೆ ಗುಣಮಟ್ಟದ ಅಂತರರಾಷ್ಟ್ರೀಯ ಮಾನ್ಯತೆ ಕಡ್ಡಾಯವಿತ್ತು, ಅದಕ್ಕೆ ಖರ್ಚಿತ್ತು. ಪೊಲೀಸರ ಒಳಗಿನ ಲ್ಯಾಬುಗಳಲ್ಲಿ ಎಷ್ಟೋ ಕಡೆ ಆ ಮಾನ್ಯತೆ ಇರಲಿಲ್ಲ. ಪರೀಕ್ಷೆ ಬರೆಯುವವನೇ ಅಂಕ ಹಾಕಿಕೊಂಡರೆ ಅಗ್ಗವಾಗದೆ ಏನಾಗುತ್ತೆ? ಮೇಲಾಗಿ ಯಾರನ್ನು ಅನುಮಾನಿಸಬೇಕು ಅಂತ ಮೊದಲೇ ನಿರ್ಧರಿಸಿದವರ ಮನೆಯೊಳಗೇ ಸಾಕ್ಷಿ ಹುಡುಕುವ ಕೆಲಸ ನಡೆಯುವುದು ಎಷ್ಟು ಸರಿ?

ಅಂಕಿ ಹೇಳಬೇಕೆಂದರೆ, 2009ರಲ್ಲಿ ಹೊರಗಿನ ಫೊರೆನ್ಸಿಕ್ ಮಾರುಕಟ್ಟೆ ಸುಮಾರು 170 ಮಿಲಿಯನ್ ಪೌಂಡ್, 2015ರ ಹೊತ್ತಿಗೆ 110 ಮಿಲಿಯನ್‌ಗೆ ಇಳಿಯುತ್ತೆ ಅಂತ ಅಂದಾಜು ಮಾಡಲಾಗಿತ್ತು. ಆ ಕುಗ್ಗುತ್ತಿದ್ದ ಕೆರೆಯಲ್ಲಿ ಸುಮಾರು ಶೇಕಡ 60ರಷ್ಟು ಪಾಲಿದ್ದ ದೊಡ್ಡ ಮೀನು ಎಫ್‌ಎಸ್‌ಎಸ್. ನೀರು ಇಳಿದಾಗ ಮೊದಲು ಒದ್ದಾಡುವುದು ದೊಡ್ಡ ಮೀನೇ.

ಬೆಲೆ ಕಟ್ಟಲಾಗದ ಹೊರೆಗಳೂ ಈ ಕಂಪನಿಯ ತಲೆ ಮೇಲಿದ್ದವು. ಸಂಶೋಧನೆ ಒಂದು. 1999ರಲ್ಲಿ ಇವರು ಶುರು ಮಾಡಿದ 'ಲೋ ಕಾಪಿ ನಂಬರ್' ವಿಧಾನದಲ್ಲಿ ಕೆಲವೇ ಜೀವಕೋಶಗಳಿಂದಲೂ ಡಿಎನ್‌ಎ ಪಡೆಯಬಹುದಿತ್ತು. ಆದರೆ 1998ರ ಓಮಾ ಬಾಂಬ್ ಸ್ಫೋಟದ ವಿಚಾರಣೆಯಲ್ಲಿ, 2007ರ ಡಿಸೆಂಬರ್‌ನಲ್ಲಿ ಆರೋಪಿ ಖುಲಾಸೆಯಾದಾಗ, ನ್ಯಾಯಾಧೀಶರು ಸಾಕ್ಷ್ಯವಸ್ತುಗಳನ್ನು ಕಾಪಾಡಿದ ರೀತಿಯನ್ನೂ ಈ ವಿಧಾನದ ದೃಢತೆಯನ್ನೂ ಕಟುವಾಗಿ ಪ್ರಶ್ನಿಸಿದರು. ಕೆಲವು ವಾರ ಇದರ ಬಳಕೆಯೇ ನಿಂತಿತು, ಪರಿಶೀಲನೆಯ ನಂತರ 2008ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಹೊಸದನ್ನು ಕಂಡುಹಿಡಿದವನಿಗೆ ಅದನ್ನು ಕೋರ್ಟಿನಲ್ಲಿ ಸಮರ್ಥಿಸುವ ಭಾರವೂ ಇರುತ್ತೆ. ಅದರ ಖರ್ಚನ್ನು ಯಾವ ಪೊಲೀಸ್ ಪಡೆಗೆ ಬಿಲ್ ಮಾಡೋದು? ಇನ್ನೊಂದು ಹೊರೆ ಹಳೇ ಕೇಸುಗಳ ಉಗ್ರಾಣ. ದಶಕಗಳ ಕಡತಗಳು, ಗಾಜಿನ ಸ್ಲೈಡುಗಳು, ನಾರು ಅಂಟಿಸಿದ ಟೇಪುಗಳು. ಇಟ್ಟುಕೊಂಡರೆ ಖರ್ಚು, ಬಿಸಾಡಿದರೆ ಪಾಪ.

2009ರಲ್ಲಿ ಗೃಹ ಇಲಾಖೆ ಪುನರ್ರಚನೆಗೆ ಅಂತ 50 ಮಿಲಿಯನ್ ಪೌಂಡ್ ಕೊಟ್ಟಿತು. ಚೋರ್ಲಿ, ಚೆಪ್‌ಸ್ಟೋ ಲ್ಯಾಬುಗಳನ್ನೂ ಬರ್ಮಿಂಗ್‌ಹ್ಯಾಮಿನ ಒಂದು ಕಟ್ಟಡವನ್ನೂ ಮುಚ್ಚುವ ಯೋಜನೆ ಬಂತು. ಅಷ್ಟರಲ್ಲಿ ಪ್ರಪಂಚದ ಆರ್ಥಿಕ ಹಿಂಜರಿತ, 2010ರ ಮೇ ತಿಂಗಳಲ್ಲಿ ಹೊಸ ಮೈತ್ರಿ ಸರ್ಕಾರ, ಎಲ್ಲ ಕಡೆ ಖರ್ಚು ಕಡಿತ. 2010ರ ಡಿಸೆಂಬರ್ 14ರಂದು ಸಚಿವ ಜೇಮ್ಸ್ ಬ್ರೋಕನ್‌ಶೈರ್ ಸಂಸತ್ತಿಗೆ ಹೇಳಿಕೆ ಕೊಟ್ಟರು. ಕಂಪನಿ ತಿಂಗಳಿಗೆ ಸುಮಾರು 2 ಮಿಲಿಯನ್ ಪೌಂಡ್ ನಷ್ಟ ಅನುಭವಿಸುತ್ತಿದೆ, ಮುಂದಿನ ಜನವರಿಯ ಹೊತ್ತಿಗೆ ಕೈ ಖಾಲಿಯಾಗಬಹುದು, ಆದ್ದರಿಂದ 2012ರ ಮಾರ್ಚ್ ಒಳಗೆ ಮುಚ್ಚುತ್ತೇವೆ. ಆಗ ಅಲ್ಲಿ ಸುಮಾರು 1,600 ಜನ ಕೆಲಸ ಮಾಡುತ್ತಿದ್ದರು. ಕ್ರಿಸ್‌ಮಸ್‌ಗೆ ಹನ್ನೊಂದು ದಿನ ಬಾಕಿ.

ಸರ್ಕಾರದ ವಾದವನ್ನು ತಳ್ಳಿಹಾಕೋದು ಸುಲಭವಲ್ಲ. ತಿಂಗಳು ತಿಂಗಳೂ ಹಣ ಸೋರುತ್ತಿದ್ದಾಗ ಎಷ್ಟು ದಿನ ತುಂಬಿಸೋದು? ಆದರೆ ಸಂಸತ್ತಿನ ವಿಜ್ಞಾನ ಸಮಿತಿ 2011ರ ಜುಲೈನಲ್ಲಿ ಕೊಟ್ಟ ವರದಿ ಸಾಕಷ್ಟು ಖಾರವಾಗಿತ್ತು. ದುಡ್ಡಿನ ಲೆಕ್ಕ ಮಾಡಿದಿರಿ ಸರಿ, ಸಂಶೋಧನೆಯ ಗತಿ ಏನು, ನ್ಯಾಯ ವ್ಯವಸ್ಥೆಯ ಮೇಲೆ ಪರಿಣಾಮ ಏನು ಅಂತ ಯೋಚಿಸಿದಿರಾ ಅನ್ನುವುದು ಅದರ ಮುಖ್ಯ ಪ್ರಶ್ನೆ. ಗೃಹ ಇಲಾಖೆಯ ಮುಖ್ಯ ವೈಜ್ಞಾನಿಕ ಸಲಹೆಗಾರರನ್ನೇ ಈ ನಿರ್ಧಾರದಲ್ಲಿ ಸರಿಯಾಗಿ ಒಳಗೊಳ್ಳಲಿಲ್ಲ ಅಂತ ತರಾಟೆಗೆ ತೆಗೆದುಕೊಂಡಿತು. ಪೊಲೀಸರು ಒಳಗೊಳಗೇ ಮಾಡಿಕೊಳ್ಳುವ ಕೆಲಸ ಮಾರುಕಟ್ಟೆಯನ್ನು ತಿನ್ನುತ್ತಿದೆ ಅಂತಲೂ ಎಚ್ಚರಿಸಿತು. ವರದಿ ಬಂತು, ಚರ್ಚೆಯಾಯಿತು, ಬೀಗ ಹಾಕುವ ದಿನಾಂಕ ಮಾತ್ರ ಬದಲಾಗಲಿಲ್ಲ. 2012ರ ಮಾರ್ಚ್ 31ಕ್ಕೆ ಕೆಲಸ ನಿಂತಿತು. ಕೆಲವರು ಖಾಸಗಿ ಲ್ಯಾಬುಗಳಿಗೆ, ಕೆಲವರು ಪೊಲೀಸ್ ಇಲಾಖೆಗೆ ಹೋದರು. ಎಷ್ಟೋ ಅನುಭವಿಗಳು ಈ ಕ್ಷೇತ್ರವನ್ನೇ ಬಿಟ್ಟರು. ಒಬ್ಬ ಸೀನಿಯರ್ ಕೆಲಸ ಬಿಟ್ಟಾಗ ಡಾಕ್ಯುಮೆಂಟಿನಲ್ಲಿ ಬರೆಯದ ಎಷ್ಟು ವಿಷಯ ಅವರ ಜೊತೆ ಹೊರಟುಹೋಗುತ್ತೆ ಅಂತ ನಮಗೆ ಗೊತ್ತಲ್ಲ. ಇಲ್ಲಿ ಹಾಗೆ ಹೊರಟುಹೋದದ್ದು ಒಂದು ದೇಶದ ನೆನಪು.

ಆಮೇಲೆ ಏನಾಯಿತು? ಆಕಾಶವೇನೂ ಬೀಳಲಿಲ್ಲ. ಖಾಸಗಿ ಲ್ಯಾಬುಗಳು ಕೆಲಸ ಹೊತ್ತುಕೊಂಡವು, ಬಹಳಷ್ಟು ಚೆನ್ನಾಗಿಯೇ ಮಾಡಿದವು. ಆದರೆ ಬಿರುಕುಗಳು ಒಂದೊಂದೇ ಕಂಡವು. 2017ರಲ್ಲಿ ಮ್ಯಾಂಚೆಸ್ಟರಿನ ಒಂದು ಖಾಸಗಿ ವಿಷಪರೀಕ್ಷಾ ಲ್ಯಾಬಿನಲ್ಲಿ ದತ್ತಾಂಶ ತಿದ್ದಿದ ಶಂಕೆ ಬಯಲಾಗಿ 10,000ಕ್ಕೂ ಹೆಚ್ಚು ಕೇಸುಗಳನ್ನು ಮರುಪರಿಶೀಲಿಸಬೇಕಾಯಿತು. 2018ರ ಜನವರಿಯಲ್ಲಿ ಕೀ ಫೊರೆನ್ಸಿಕ್ ಎಂಬ ಕಂಪನಿ ದಿವಾಳಿಯ ಅಂಚಿಗೆ ಬಂದಾಗ ನಡೆಯುತ್ತಿದ್ದ ಕೇಸುಗಳು ನಿಲ್ಲಬಾರದು ಅಂತ ಪೊಲೀಸರೇ ದುಡ್ಡು ಹಾಕಬೇಕಾಯಿತು. 2019ರ ಜೂನ್‌ನಲ್ಲಿ ಯೂರೋಫಿನ್ಸ್ ಮೇಲೆ ರ್‍ಯಾನ್ಸಮ್‌ವೇರ್ ದಾಳಿ. 2017ರಲ್ಲಿ ಎಲ್‌ಜಿಸಿಯ ಫೊರೆನ್ಸಿಕ್ ವಿಭಾಗ ಕೊಂಡಿದ್ದ ಈ ಕಂಪನಿ ಹೊರಗುತ್ತಿಗೆಯ ಅರ್ಧದಷ್ಟು ಕೆಲಸ ನಿಭಾಯಿಸುತ್ತಿತ್ತು. ಪೊಲೀಸರು ಅಲ್ಲಿಗೆ ಮಾದರಿ ಕಳಿಸುವುದನ್ನೇ ಕೆಲ ವಾರ ನಿಲ್ಲಿಸಿದರು, ಸಾವಿರಾರು ಕೇಸುಗಳ ರಾಶಿ ಬಿತ್ತು. ಆ ದಾಳಿಗೆ ಒಂದು ತಿಂಗಳು ಮುಂಚೆಯಷ್ಟೇ ಹೌಸ್ ಆಫ್ ಲಾರ್ಡ್ಸ್ ಸಮಿತಿಯೊಂದು ಈ ವ್ಯವಸ್ಥೆ ಅಪಾಯದಲ್ಲಿದೆ ಅಂತ ಬರೆದಿತ್ತು. ಗುಣಮಟ್ಟ ನೋಡುವ ರೆಗ್ಯುಲೇಟರ್ ಹುದ್ದೆ ಶುರುವಾಗಿದ್ದು 2007-08ರಲ್ಲೇ ಆದರೂ ಆ ಹುದ್ದೆಗೆ ಕಾನೂನಿನ ಹಲ್ಲು ಬಂದದ್ದು 2021ರ ಕಾಯ್ದೆಯಿಂದ. ಮಾರುಕಟ್ಟೆ ಮೊದಲು, ನಿಯಮ ಆಮೇಲೆ!

ಪಕ್ಕದಲ್ಲೇ ಹೋಲಿಸೋಕೆ ಬೇರೆ ಉದಾಹರಣೆಗಳಿವೆ ಅನ್ನೋದು ವಿಶೇಷ. ಸ್ಕಾಟ್‌ಲೆಂಡ್ ಮತ್ತು ಉತ್ತರ ಐರ್ಲೆಂಡ್ ಈ ದಾರಿ ಹಿಡಿಯಲಿಲ್ಲ. ಎರಡೂ ಕಡೆ ಲ್ಯಾಬುಗಳು ಸಾರ್ವಜನಿಕ ಸೇವೆಯಾಗಿಯೇ ಉಳಿದವು.

ಈಗ ಮುಂಚೆ ಹೇಳಿದ ವಿಷಯಕ್ಕೆ ಬರುತ್ತೇನೆ. ಎಫ್‌ಎಸ್‌ಎಸ್ ಮುಚ್ಚಿದರೂ ಅದರ ಉಗ್ರಾಣ ಬಿಸಾಡಲಿಲ್ಲ. ಫೊರೆನ್ಸಿಕ್ ಆರ್ಕೈವ್ ಲಿಮಿಟೆಡ್ ಎಂಬ ಸಣ್ಣ ಸರ್ಕಾರಿ ಕಂಪನಿ ಮಾಡಿ ಬರ್ಮಿಂಗ್‌ಹ್ಯಾಮಿನಲ್ಲಿ ಕಾಪಾಡಿದರು. ಆಂಡ್ರ್ಯೂ ಮಾಲ್ಕಿನ್‌ಸನ್ ಎಂಬಾತ 2003ರಲ್ಲಿ ನಡೆದ ಅತ್ಯಾಚಾರವೊಂದರ ಆರೋಪದಲ್ಲಿ 2004ರಲ್ಲಿ ಶಿಕ್ಷೆಗೊಳಗಾಗಿ 17 ವರ್ಷ ಜೈಲಿನಲ್ಲಿದ್ದ. ನಾನು ಮಾಡಿಲ್ಲ ಅಂತ ಮೊದಲ ದಿನದಿಂದ ಹೇಳುತ್ತಿದ್ದ. ಒಪ್ಪಿಕೊಂಡಿದ್ದರೆ ಬೇಗ ಬಿಡುಗಡೆಯಾಗಬಹುದಿತ್ತು, ಒಪ್ಪಲಿಲ್ಲ. ಪೊಲೀಸರು ಆ ಕೇಸಿನ ಬಟ್ಟೆಗಳನ್ನು ಉಳಿಸಿಕೊಂಡಿರಲಿಲ್ಲ. ಉಳಿದದ್ದು ಆರ್ಕೈವಿನಲ್ಲಿದ್ದ ಮಾದರಿಗಳು ಮಾತ್ರ. ಅವುಗಳ ಡಿಎನ್‌ಎ ಬೇರೊಬ್ಬನ ಕಡೆಗೆ ಬೊಟ್ಟು ಮಾಡಿತು. 2023ರ ಜುಲೈ 26ರಂದು ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದು ಮಾಡಿತು. ನ್ಯಾಯ ಸಿಕ್ಕಿದ್ದು ಯಾರೋ ಬಿಸಾಡದೆ ಇಟ್ಟಿದ್ದ ಮಾದರಿಗಳಿಂದ. 2007ರಲ್ಲೇ ನಡೆದಿದ್ದ ಪರೀಕ್ಷೆಯಲ್ಲಿ ಬೇರೆ ಗಂಡಸಿನ ಡಿಎನ್‌ಎ ಕಂಡಿತ್ತು, ಅದರ ಬೆನ್ನು ಹತ್ತದೆ ಬಿಟ್ಟಿದ್ದರು ಅನ್ನುವುದು ಈ ಕಥೆಯ ಇನ್ನೊಂದು ಕಹಿ. ವಿಜ್ಞಾನ ಒಂದೇ ಇದ್ದರೆ ಸಾಲದು, ಅದನ್ನು ಓದುವ ಮನಸ್ಸೂ ಬೇಕು.

ಈಗ ಹೇಳಿ, ಆ ಮಾದರಿಗಳನ್ನು ಅಷ್ಟು ವರ್ಷ ಇಟ್ಟುಕೊಂಡದ್ದಕ್ಕೆ ಯಾವ ಗಿರಾಕಿ ದುಡ್ಡು ಕೊಡುತ್ತಿದ್ದ? ಪೊಲೀಸರಿಗೆ ಆ ಕೇಸು 2004ರಲ್ಲೇ ಮುಗಿದಿತ್ತು. ಜೈಲಿನಲ್ಲಿದ್ದವನ ಕೈಯಲ್ಲಿ ಕಾಸಿಲ್ಲ. ನನ್ನ ಪ್ರಕಾರ ಇಡೀ ಕಥೆಯ ಗಂಟು ಇರುವುದು ಇಲ್ಲೇ. ಫೊರೆನ್ಸಿಕ್ ವರದಿಗೆ ದುಡ್ಡು ಕೊಡುವವರು ಪೊಲೀಸರು. ಆದರೆ ಆ ವರದಿ ಇರುವುದು ಪೊಲೀಸರಿಗಾಗಿ ಅಲ್ಲ. ಅದು ಕೋರ್ಟಿಗಾಗಿ, ಸತ್ತವರ ಮನೆಯವರಿಗಾಗಿ, ಕಟಕಟೆಯಲ್ಲಿ ನಿಂತವನಿಗಾಗಿ. ಇವರಲ್ಲಿ ಯಾರೂ ಟೆಂಡರ್ ಕರೆಯುವುದಿಲ್ಲ. ಮಾರುಕಟ್ಟೆಯಲ್ಲಿ ಗಿರಾಕಿಯೇ ದೇವರು ಅನ್ನುತ್ತೇವೆ. ನಿಜವಾದ ಫಲಾನುಭವಿ ಗಿರಾಕಿಯೇ ಅಲ್ಲದ ಕಡೆ ಆ ಮಾತು ಕೈ ಕೊಡುತ್ತೆ. ಹಾಗಂತ ಹಳೇ ಪದ್ಧತಿಗೆ ಹೋಗಿಬಿಡಿ ಅನ್ನೋದೂ ಉತ್ತರವಲ್ಲ. ಡಮಿಲೋಲಾನ ಕೇಸು ಅದಕ್ಕೆ ಸಾಕ್ಷಿ. ಇನ್ನೊಬ್ಬರು ನೋಡಬೇಕು, ಆದರೆ ಅವರು ಅಗ್ಗ ಅನ್ನುವ ಕಾರಣಕ್ಕೆ ನೋಡಬಾರದು. ಎರಡೂ ಬೇರೆ ಬೇರೆ ವಿಷಯ.

ನಮ್ಮ ಕಡೆಗೆ ಒಂದು ಮಾತು. ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಬೇಕು ಅನ್ನುತ್ತದೆ. ಅದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ಅಂದರೆ ನಮ್ಮ ಮಡಿವಾಳದ ಎಫ್‌ಎಸ್‌ಎಲ್ ಸೇರಿದಂತೆ ಎಲ್ಲ ರಾಜ್ಯಗಳ ಸರ್ಕಾರಿ ಲ್ಯಾಬುಗಳ ಮೇಲೆ ಕೆಲಸದ ರಾಶಿ ಇನ್ನೂ ಏರಲಿದೆ. ರಾಶಿ ಏರಿದಾಗ 'ಹೊರಗೆ ಕೊಟ್ಟುಬಿಡೋಣ, ಬೇಗ ಆಗುತ್ತೆ' ಅನ್ನುವ ದನಿ ಎದ್ದೇ ಏಳುತ್ತೆ. ಏಳಲಿ, ಚರ್ಚೆಯಾಗಲಿ. ಆದರೆ ಟೆಂಡರ್ ಫಾರಂ ತಯಾರಿಸುವ ಮುಂಚೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಲಿ. ಗುಣಮಟ್ಟ ನೋಡುವವರು ಯಾರು, ಸಂಶೋಧನೆಗೆ ಹಣ ಎಲ್ಲಿಂದ, ಹಳೇ ಸ್ಲೈಡುಗಳನ್ನು ಇಟ್ಟುಕೊಳ್ಳುವವರು ಯಾರು. ಇಂಗ್ಲೆಂಡಿನವರು ಈ ಮೂರಕ್ಕೂ ಉತ್ತರ ಹುಡುಕಲು ಹೊರಟಿದ್ದು ಅಂಗಡಿಗೆ ಬೀಗ ಹಾಕಿದ ಮೇಲೆ.

ನಿಮಗೇನನ್ನಿಸುತ್ತೆ?